ಅಜ್ಜಿ ಅರ್ಧಕ್ಕೆ ಬಿಟ್ಟ ಟ್ಯಾಟಿಂಗ್ ಟೇಬಲ್‌ಕ್ಲಾತನ್ನು ನಾನು ಮುಗಿಸಬಹುದೇ?

ಅಜ್ಜಿಯ ಟ್ರಂಕಿನಲ್ಲಿ ಟ್ಯಾಟಿಂಗಿನ, ಅಂದರೆ ದಾರಕ್ಕೆ ಸಾಲಾಗಿ ಗಂಟು ಹಾಕುತ್ತಾ ಮಾಡುವ ಲೇಸಿನ, ನೂರರ ಹತ್ತಿರ ಬಿಡಿ ಚೌಕಗಳು, ರಟ್ಟು ಕಿತ್ತುಹೋದ ಒಂದು ಹಳೆಯ ಇಂಗ್ಲಿಷ್ ಪುಸ್ತಿಕೆ, ಎರಡು ಶಟಲ್ (ದಾರ ಸುತ್ತಿಕೊಂಡು ಗಂಟು ಹಾಕುವ ಪುಟ್ಟ ಸಾಧನ), ಒಂದಿಷ್ಟು ದಾರ ಸಿಕ್ಕಿದೆ ಎಂದು ಬರೆದಿದ್ದೀರಿ. ಕರ್ಚೀಫಿನ ಅಂಚಿನಷ್ಟು ಟ್ಯಾಟಿಂಗ್ ನಿಮಗೆ ಬರುತ್ತದೆ, ಇಷ್ಟು ದೊಡ್ಡದನ್ನು ಮುಟ್ಟಿಲ್ಲ. ಮುಗಿಸಬಹುದೇ, ಎಲ್ಲಿಂದ ಶುರು ಮಾಡಲಿ ಎಂಬುದು ಪ್ರಶ್ನೆ.

ಮುಗಿಸಬಹುದು. ಆದರೆ ಇವತ್ತೇ ಶಟಲಿಗೆ ದಾರ ಸುತ್ತಬೇಡಿ. ನಾನು ಸುತ್ತಿದೆ, ಹತ್ತೊಂಬತ್ತು ಚೌಕ ಮಾಡಿದೆ, ಹತ್ತೊಂಬತ್ತನ್ನೂ ಕತ್ತರಿಸಿ ಎಸೆದೆ.

ನನ್ನದು ಸೋದರತ್ತೆಯ ಕೆಲಸ. 1950ರ ದಶಕದಲ್ಲಿ ಮಂಗಳೂರಿನ ಒಂದು ಕಾನ್ವೆಂಟಿನಲ್ಲಿ ಓದುವಾಗ ಹೊಲಿಗೆ ಪೀರಿಯಡ್ಡಿನಲ್ಲಿ ಸಿಸ್ಟರುಗಳು ಕಲಿಸಿದ್ದಂತೆ. ಮದುವೆಯಾಗಿ ಮೈಸೂರಿಗೆ ಬಂದ ಮೇಲೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಕ್ರೋಶಾ ಅಂತಲೇ ಕರೆಯುತ್ತಿದ್ದೆವು. ಅತ್ತೆಗೆ ಸಿಟ್ಟು ಬರುತ್ತಿತ್ತು. "ಕ್ರೋಶಾ ಎಳೆದರೆ ಸರಸರ ಬಿಚ್ಚುತ್ತೆ, ಇದನ್ನು ಬಿಚ್ಚು ನೋಡೋಣ" ಅನ್ನುತ್ತಿದ್ದರು. ಅವರು ಹೋದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ 119 ಚೌಕಗಳು ಸಿಕ್ಕವು, ವೀಳ್ಯದೆಲೆ ಕಟ್ಟಿನ ಹಾಗೆ ಹತ್ತು ಹತ್ತರ ಕಟ್ಟು ಕಟ್ಟಿಟ್ಟಿದ್ದರು. ಕೊನೆಯ ಕಟ್ಟಿನಲ್ಲಿ ಒಂಬತ್ತೇ ಇದ್ದವು. ಒಂದಕ್ಕೊಂದು ಸೇರಿಸಿರಲಿಲ್ಲ, ನಿಮ್ಮವೂ ಹಾಗೇ ಇದ್ದಂತಿದೆ. ಈ "ಸೇರಿಸಿರಲಿಲ್ಲ" ಎಂಬುದು ಮುಖ್ಯ, ಆಮೇಲೆ ಹೇಳುತ್ತೇನೆ.

ಮೊದಲು ತೊಳೆಯಿರಿ. ಹಳೆಯ ಹತ್ತಿ ದಾರದ ಹಳದಿಯಲ್ಲಿ ಅರ್ಧ ಕೊಳೆ, ಗಂಜಿಯ ಪಾಕ. ಅದು ಹೋಗುವ ತನಕ ಹೊಸ ದಾರದ ಬಣ್ಣ ಆರಿಸುವುದರಲ್ಲಿ ಅರ್ಥವಿಲ್ಲ. ಹಳೆಯ ಸೊಳ್ಳೆಪರದೆಯ ಎರಡು ತುಂಡುಗಳ ನಡುವೆ ಚೌಕಗಳನ್ನು ಹರಡಿ, ಸುತ್ತ ಟಾಕು ಹಾಕಿ, ತಣ್ಣೀರಿನಲ್ಲಿ ಇಡೀ ರಾತ್ರಿ ನೆನೆಸಿ. ಬೆಳಿಗ್ಗೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಚೆಲ್ಲಿ, ಮತ್ತೆ ನೆನೆಸಿ. ನನಗೆ ಐದು ನೀರು ಬೇಕಾಯಿತು. ಆಮೇಲೆ ಮೃದುವಾದ ಸೋಪಿನ ನೀರು, ಹಿಂಡದೆ ಟವೆಲ್ ಮೇಲೆ ನೆರಳಿನಲ್ಲಿ ಒಣಗಿಸುವುದು. ಬ್ಲೀಚಿಂಗ್ ಪುಡಿಯ ಹತ್ತಿರ ಹೋಗಬೇಡಿ, ಹಳೆಯ ದಾರ ಪುಡಿಯಾಗುತ್ತದೆ. ನನ್ನ 119ರಲ್ಲಿ ಆರಕ್ಕೆ ಗುಂಡುಸೂಜಿಯ ತುಕ್ಕು ಹತ್ತಿ ದಾರವನ್ನೇ ತಿಂದುಹಾಕಿತ್ತು. ಅವನ್ನು ಬದಿಗಿಟ್ಟೆ. ಎಸೆಯಲಿಲ್ಲ, ಅವುಗಳಿಂದಲೇ ಪಾಠ ಕಲಿತದ್ದು.

ಇನ್ನು ಪುಸ್ತಿಕೆ. ನಿಮ್ಮದರಲ್ಲಿ ಸಣ್ಣಸಣ್ಣ ಅಕ್ಷರಗಳ ಸಂಕೇತಗಳಿದ್ದರೆ ಅದು ಕಳೆದ ಶತಮಾನದ ದಾರದ ಕಂಪನಿಗಳು ಹಂಚುತ್ತಿದ್ದ ಬಗೆಯದು: 'ಆರ್' ಅಂದರೆ ಉಂಗುರ, 'ಸಿಎಚ್' ಅಂದರೆ ಎರಡನೇ ದಾರದ ಮೇಲೆ ಮಾಡುವ ಕಮಾನು, 'ಡಿಎಸ್' ಅಂದರೆ ಎರಡು ಅರ್ಧಗಂಟು ಸೇರಿದ ಒಂದು ಪೂರ್ತಿ ಗಂಟು, 'ಪಿ' ಅಂದರೆ ಪಿಕೋ (ಗಂಟುಗಳ ನಡುವೆ ಬಿಡುವ ಪುಟ್ಟ ದಾರದ ಕುಣಿಕೆ), 'ಸಿಎಲ್' ಅಂದರೆ ಎಳೆದು ಮುಚ್ಚು, 'ಆರ್‌ಡಬ್ಲ್ಯೂ' ಅಂದರೆ ಕೆಲಸವನ್ನು ಮಗುಚು. ಸಂಕೇತವೇ ಇಲ್ಲದೆ ಪುಟಗಟ್ಟಲೆ ವಾಕ್ಯಗಳಲ್ಲಿ ಬರೆದಿದ್ದು, ಪಿಕೋಗೆ 'ಪರ್ಲ್', ಉಂಗುರಕ್ಕೆ 'ಓವಲ್' ಎಂದಿದ್ದರೆ ಅದು ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಭಾಷೆ. ಅಂಥದ್ದನ್ನು ಓದುವಾಗ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಚಿತ್ರ ಬರೆದುಕೊಳ್ಳಿ. ತೆರೇಸ್ ದ ದಿಲ್ಮಾಂಟ್ 1886ರಲ್ಲಿ ಹೊರತಂದ ಸೂಜಿಕೆಲಸದ ವಿಶ್ವಕೋಶದಲ್ಲಿ ಟ್ಯಾಟಿಂಗಿಗೇ ಒಂದು ಅಧ್ಯಾಯ ಇದೆ, ಕೈಬೆರಳುಗಳ ಚಿತ್ರ ಸಮೇತ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಫ್ರೆಂಚರು ಈ ಕೆಲಸಕ್ಕೆ ಇಟ್ಟ ಹೆಸರು ಫ್ರಿವೊಲಿತೆ, ಅಂದರೆ ಚೆಲ್ಲಾಟ. ಇಟಲಿಯವರದು ಕಿಯಾಕ್ಕಿಯೆರಿನೊ, ಹರಟೆಯಿಂದ ಬಂದ ಮಾತು. ಅತ್ತೆಯ ಮನೆಯ ಜಗಲಿಯಲ್ಲಿ ಮಧ್ಯಾಹ್ನ ಕೂತಿದ್ದವರಿಗೆ ಇಟಲಿಯವರ ಹೆಸರೇ ಸರಿ ಅನ್ನಿಸೀತು.

ನನ್ನ ತಪ್ಪು ಎಲ್ಲಾಯಿತು ಅಂದರೆ, ನಾನು ಅತ್ತೆಯ ಪುಸ್ತಿಕೆಯನ್ನು ನಂಬಿದೆ. ಅದರಲ್ಲಿದ್ದ ಹಾಗೆಯೇ ಅಕ್ಷರಶಃ ಮಾಡಿದೆ. ಚೌಕ ನೋಡಲು ಅತ್ತೆಯದರಂತೆಯೇ ಬಂತು. ಹತ್ತೊಂಬತ್ತು ಮಾಡಿ ಅವರ ಚೌಕಗಳ ನಡುವೆ ಸೇರಿಸಿ ಮೇಜಿನ ಮೇಲೆ ಹರಡಿದರೆ, ಬಟ್ಟೆ ಕೂರಲೇ ಇಲ್ಲ, ಕರಿದ ಹಪ್ಪಳದ ಹಾಗೆ ಅಲೆಅಲೆ. ಅಳೆದೆ: ಅವರದು 6 ಸೆಂಟಿಮೀಟರ್, ನನ್ನದು 6.3. ಒಂದರಲ್ಲಿ 3 ಮಿಲಿಮೀಟರ್ ಕಣ್ಣಿಗೆ ಕಾಣುವುದೇ ಇಲ್ಲ. ಸಾಲಿಗೆ ಎಂಟು ಹೊಸ ಚೌಕ ಬಂದರೆ 24 ಮಿಲಿಮೀಟರ್ ಹೆಚ್ಚಾಯಿತು, ಅದು ಎಲ್ಲಿಗೆ ಹೋಗಬೇಕು? ಮೇಲಕ್ಕೇ.

ದಾರ ದಪ್ಪ ಆಯಿತೇನೋ ಎಂದು ದಾರವನ್ನು ಬೈದೆ. ಎರಡೂ ದಾರಗಳನ್ನು ಪೆನ್ಸಿಲ್‌ಗೆ ಒತ್ತೊತ್ತಾಗಿ ಸುತ್ತಿ 2 ಸೆಂಟಿಮೀಟರಿಗೆ ಎಷ್ಟು ಸುತ್ತು ಎಂದು ಎಣಿಸಿದೆ. ಎರಡರದ್ದೂ ಒಂದೇ ಲೆಕ್ಕ. ಆಮೇಲೆ ನನ್ನ ಕೈ ಸಡಿಲ ಎಂದುಕೊಂಡು ಬೆರಳು ಕೆಂಪಾಗುವ ತನಕ ಬಿಗಿದೆ, ಆಗಲೂ 6.2. ಕೊನೆಗೆ ಬುದ್ಧಿ ಬಂದು ತುಕ್ಕು ತಿಂದ ಆರರಲ್ಲಿ ಒಂದನ್ನು ಕಪ್ಪು ಬಟ್ಟೆಯ ಮೇಲಿಟ್ಟು ಭೂತಗನ್ನಡಿ ಹಿಡಿದು ಗಂಟು ಎಣಿಸಿದೆ. ಎಣಿಸುವುದು ಹೀಗೆ: ಪ್ರತಿ ಪೂರ್ತಿ ಗಂಟಿಗೂ ಕೆಳಗೆ ಎರಡು ಕಾಲು, ನೆತ್ತಿಯ ಮೇಲೆ ಒಂದು ಅಡ್ಡಗೆರೆ. ಕಾಲು ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ, ಅಡ್ಡಗೆರೆ ಎಣಿಸಿ. ಹೊಲಿಗೆ ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಮುಟ್ಟುತ್ತಾ ಹೋಗಿ. ಉಂಗುರಗಳೆಲ್ಲ ಪುಸ್ತಿಕೆಯಂತೆಯೇ ಇದ್ದವು. ಹೊರ ಸುತ್ತಿನ ಕಮಾನಿನಲ್ಲಿ ಪುಸ್ತಿಕೆ 6 ಗಂಟು, ಪಿಕೋ, 6 ಗಂಟು ಎನ್ನುತ್ತದೆ. ಅತ್ತೆ ಮಾಡಿದ್ದು 5, ಪಿಕೋ, 5.

ಮರೆವಿನಿಂದ ಆದದ್ದಲ್ಲ. ಬೇರೆ ಬೇರೆ ಕಟ್ಟಿನಿಂದ ಇಪ್ಪತ್ತು ಚೌಕ ತೆಗೆದು ನೋಡಿದೆ, ಎಲ್ಲದರಲ್ಲೂ ಐದೇ. ಆರು ಹಾಕಿದರೆ ಕಮಾನು ಕೊಂಚ ಜೋಲುತ್ತದೆ, ಐದಕ್ಕೆ ಬಿಗಿಯಾಗಿ ನಿಲ್ಲುತ್ತದೆ. ಸುಮ್ಮನೆ ಸರಿಮಾಡಿಕೊಂಡಿದ್ದಾರೆ, ಯಾರಿಗೂ ಹೇಳಿಲ್ಲ. ಹಾಗಾಗಿ ಪುಸ್ತಿಕೆ ಏನೇ ಹೇಳಲಿ, ನಿಮ್ಮ ಅಜ್ಜಿಯ ಚೌಕದಿಂದಲೇ ನಕ್ಷೆ ಬರೆದುಕೊಳ್ಳಿ. ಪಿಕೋ ಎತ್ತರವನ್ನೂ ಅಳೆಯಿರಿ. ನಾನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಅಷ್ಟೇ ಅಗಲದ ಪಟ್ಟಿ ಕತ್ತರಿಸಿಕೊಂಡೆ. ಪಿಕೋ ಬಂದಾಗಲೆಲ್ಲ ಅದರ ಮೇಲೆ ದಾರ ಹಾಯಿಸಿದರೆ ಎಲ್ಲವೂ ಒಂದೇ ಎತ್ತರ.

ಈಗ ಆ "ಸೇರಿಸಿರಲಿಲ್ಲ" ವಿಷಯ. ಟ್ಯಾಟಿಂಗಿನಲ್ಲಿ ಒಂದು ಚೌಕದ ಕೊನೆಯ ಸುತ್ತು ಮಾಡುತ್ತಿರುವಾಗಲೇ ಪಕ್ಕದ ಚೌಕದ ಪಿಕೋದಿಂದ ದಾರ ಎಳೆದು ಗಂಟು ಹಾಕಬೇಕು, ಅದೇ ಬೆಸುಗೆ. ಎರಡೂ ಮುಗಿದುಹೋದ ಚೌಕಗಳಾದರೆ ಈ ಬೆಸುಗೆ ಹಾಕಲು ಬರುವುದಿಲ್ಲ. ಸೂಜಿಯಲ್ಲಿ ಹೊಲಿಯಬೇಕು ಅಥವಾ ಕ್ರೋಶಾ ಕಡ್ಡಿಯಲ್ಲಿ ಹೆಣೆಯಬೇಕು, ಎರಡೂ ದಪ್ಪಗೆ ಕಾಣುತ್ತವೆ. ಇದಕ್ಕೆ ದಾರಿ ಹಳ್ಳಿಯ ಪಗಡೆ ಹಾಸಿನಲ್ಲಲ್ಲ, ಚದುರಂಗದ ಮಣೆಯಲ್ಲಿದೆ! ಕಪ್ಪು ಮನೆಗೆಲ್ಲ ಹಳೆಯ ಚೌಕ, ಬಿಳಿ ಮನೆಗೆಲ್ಲ ಹೊಸದು. ಆಗ ಪ್ರತಿ ಹೊಸ ಚೌಕವೂ ತನ್ನ ನಾಲ್ಕು ಬದಿಯ ಹಳೆಯವನ್ನು ಹಿಡಿದುಕೊಂಡೇ ಹುಟ್ಟುತ್ತದೆ. ಹಳೆಯದರ ಪಕ್ಕ ಹಳೆಯದು ಎಲ್ಲೂ ಬರುವುದಿಲ್ಲ.

ನನಗೆ ಲೆಕ್ಕವೂ ಕೂಡಿಬಂತು. 15ಕ್ಕೆ 15 ಇಟ್ಟರೆ ಒಟ್ಟು 225, ಮೂಲೆಗಳಲ್ಲಿ ಹಳೆಯವು ಬರುವಂತೆ ಜೋಡಿಸಿದರೆ 113 ಹಳೆಯವು, 112 ಹೊಸವು. ಆರು ತೆಗೆದಿಟ್ಟ ಮೇಲೆ ನನ್ನ ಬಳಿ ಉಳಿದಿದ್ದದ್ದು ಸರಿಯಾಗಿ 113. ಅಳತೆ 90 ಸೆಂಟಿಮೀಟರ್. ಊಟದ ಮೇಜಿಗಲ್ಲ, ನಡುಮನೆಯ ಸಣ್ಣ ಮೇಜಿಗೆ. ನಿಮ್ಮಲ್ಲಿ ನಿಖರವಾಗಿ ಎಷ್ಟಿವೆಯೋ ನೋಡಿ ಮಣೆಯ ಅಳತೆ ಗೊತ್ತುಮಾಡಿ: 13ಕ್ಕೆ 13 ಆದರೆ 85 ಹಳೆಯವು, 84 ಹೊಸವು ಸಾಕು. ಪುಸ್ತಿಕೆಯ ಫೋಟೊದಲ್ಲಿರುವ ಹನ್ನೆರಡು ಜನರ ಡೈನಿಂಗ್ ಟೇಬಲ್ ಕನಸು ಬಿಡಿ.

ಬಣ್ಣದ ಚಿಂತೆಯನ್ನೂ ಈ ಜೋಡಣೆಯೇ ಕಳೆಯುತ್ತದೆ. ಹೊಸ ದಾರ ಎಷ್ಟೇ ಹುಡುಕಿದರೂ ಒಂದು ಕೂದಲಿನಷ್ಟು ಬೇರೆ ಬಿಳುಪು. ಹೊಸವನ್ನೆಲ್ಲ ಒಂದು ಮೂಲೆಗೆ ಸೇರಿಸಿದರೆ ತೇಪೆ ಹಾಕಿದಂತೆ ಕಾಣುತ್ತದೆ, ಒಂದು ಬಿಟ್ಟು ಒಂದು ಬಂದರೆ ಬೇಕೆಂದೇ ಮಾಡಿದ ಹಾಗಿರುತ್ತದೆ. ಹೊಸ ದಾರವನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದರಂತೆ ಮಾಡಿ ಎಂದು ಹೇಳುವವರು ಸಿಗುತ್ತಾರೆ. ಬೇಡ. ಒಂದು ಉಂಡೆ ಒಂದು ಬಣ್ಣಕ್ಕೆ, ಇನ್ನೊಂದು ಇನ್ನೊಂದಕ್ಕೆ ತಿರುಗುತ್ತದೆ. ತೊಳೆದ ಚೌಕವನ್ನು ಕೈಯಲ್ಲಿ ಹಿಡಿದುಕೊಂಡು ಹಗಲು ಬೆಳಕಿನಲ್ಲಿ ಕೆನೆಬಣ್ಣದ ದಾರ ಆರಿಸಿ. ದಾರದ ನಂಬರ್ ಹೆಚ್ಚಾದಷ್ಟೂ ಎಳೆ ಸಣ್ಣ, 20 ದಪ್ಪ, 80 ಕೂದಲಿನಂತೆ. ಆದರೆ ಒಂದು ಕಂಪನಿಯ 40 ಇನ್ನೊಂದರ 40 ಅಲ್ಲ, ಆದ್ದರಿಂದ ಪೆನ್ಸಿಲ್ ಪರೀಕ್ಷೆ ಅಂಗಡಿಯಲ್ಲೇ ಮಾಡಿ. ನಾಚಿಕೆ ಬೇಡ, ಚಿಕ್ಕಪೇಟೆಯ ಅಂಗಡಿಯವರು ಇದಕ್ಕಿಂತ ವಿಚಿತ್ರ ಗಿರಾಕಿಗಳನ್ನು ನೋಡಿದ್ದಾರೆ. ಎಷ್ಟು ದಾರ ಬೇಕೆಂದು ತಿಳಿಯಲು 10 ಮೀಟರ್ ಅಳೆದುಕೊಂಡು ಒಂದು ಚೌಕ ಮಾಡಿ, ಉಳಿದದ್ದನ್ನು ಅಳೆಯಿರಿ. ನನ್ನದಕ್ಕೆ ಸುಮಾರು 6 ಮೀಟರ್ ಹಿಡಿಯಿತು, 112ಕ್ಕೆ 672 ಮೀಟರ್. ಸ್ವಲ್ಪ ಹೆಚ್ಚೇ ಇಟ್ಟುಕೊಂಡು ಎಲ್ಲವನ್ನೂ ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳಿ.

ಹಳೆಯ ಪಿಕೋಗಳಿಗೆ ಬೆಸುಗೆ ಹಾಕುವಾಗ 0.6 ಮಿಲಿಮೀಟರಿನ ಸಣ್ಣ ಕೊಕ್ಕೆಯನ್ನೇ ಬಳಸಿ, ದಪ್ಪದು ನುಗ್ಗಿಸಿದರೆ ಪಿಕೋ ಹರಿಯುತ್ತದೆ. ಹರಿದರೆ ಅದೇ ಜಾಗದಲ್ಲಿ ಸೂಜಿದಾರದಿಂದ ಒಂದು ಪುಟ್ಟ ಕುಣಿಕೆ ಕಟ್ಟಿಕೊಳ್ಳಿ, ಲೋಕಕ್ಕೆ ಗೊತ್ತಾಗುವುದಿಲ್ಲ.

ತಪ್ಪು ಆಗುತ್ತದೆ. ಉಂಗುರ ಎಳೆದು ಮುಚ್ಚಿದ ಮೇಲೆಯೇ ಬೆಸುಗೆ ಮರೆತದ್ದು ನೆನಪಾಗುವುದು. ಅತ್ತೆ ಬಿಚ್ಚಿ ನೋಡು ಎಂದು ಸವಾಲು ಹಾಕುತ್ತಿದ್ದರಲ್ಲ, ಬಿಚ್ಚಬಹುದು. ಕೊನೆಗೆ ಮಾಡಿದ ಪಿಕೋ ಹುಡುಕಿ ಅದರ ಎರಡು ಬದಿಯ ಗಂಟುಗಳನ್ನು ಉಗುರಿನಿಂದ ಮೆಲ್ಲಗೆ ಅತ್ತಿತ್ತ ಸರಿಸಿ. ನಡುವೆ ಒಳದಾರ ಒಂದೇ ಒಂದು ಎಳೆಯಾಗಿ ಇಣುಕುತ್ತದೆ. ಸೂಜಿಯ ಮೊನೆಯನ್ನು ಅದರ ಕೆಳಗೆ ತೂರಿಸಿ ಎಬ್ಬಿಸಿದರೆ ಶಟಲಿನ ಕಡೆಯಿಂದ ದಾರ ಒಳಕ್ಕೆ ಬಂದು ಸಣ್ಣ ಕುಣಿಕೆಯಾಗುತ್ತದೆ. ಆ ಕುಣಿಕೆಯನ್ನು ಹಿಂದಿನ ಪಿಕೋಗೆ, ಅಲ್ಲಿಂದ ಇನ್ನೂ ಹಿಂದಿನದಕ್ಕೆ ಸಾಗಿಸಿದರೆ ಉಂಗುರ ಬಾಯಿ ಬಿಡುತ್ತದೆ. ಜಗ್ಗಾಡಬೇಡಿ. ಹತ್ತು ನಿಮಿಷ ಹಿಡಿದರೂ ಹೊಸದಾಗಿ ಚೌಕ ಮಾಡುವ ಒಂದೂಕಾಲು ಗಂಟೆಗಿಂತ ವಾಸಿ. ಪಿಕೋ ಇಲ್ಲದ ಉಂಗುರವಾದರೆ ಕತ್ತರಿಯೇ ಗತಿ.

ದಾರದ ತುದಿಗಳನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ. ಚೌಕಕ್ಕೆ ನಾಲ್ಕು ತುದಿ, 112ಕ್ಕೆ 448. ಕೊನೆಯ ಕಮಾನಿನ ಕಡೆಯ ಐದಾರು ಗಂಟು ಹಾಕುವಾಗಲೇ ಹೊಲಿಗೆ ದಾರದ ಒಂದು ಕುಣಿಕೆಯನ್ನು ಒಳಗೆ ಸೇರಿಸಿ ಗಂಟು ಹಾಕಿ. ಮುಗಿದ ಮೇಲೆ ತುದಿಯನ್ನು ಕುಣಿಕೆಗೆ ಪೋಣಿಸಿ ಎಳೆದರೆ ಲಾಡಿ ಪೋಣಿಸಿದ ಹಾಗೆ ಗಂಟುಗಳ ಒಳಗೆ ಹೋಗಿ ಕೂರುತ್ತದೆ. ಉಳಿದ ತುದಿಗಳನ್ನು ಹಿಂಬದಿಯಲ್ಲಿ ಸೂಜಿಯಿಂದ ಹೊಲಿಯಿರಿ. ಅತ್ತೆ ಬರೀ ಗಂಟು ಹಾಕಿ ಕತ್ತರಿಸಿದ್ದರು, ತೊಳೆದಾಗ ಏಳೆಂಟು ಬಿಚ್ಚಿಕೊಂಡವು. ಅವರ ಕೆಲಸದಲ್ಲಿ ನಾನು ಹುಡುಕಿದ ಒಂದೇ ಕುಂದು ಇದು.

ಸಮಯದ ಲೆಕ್ಕ: 112 ಚೌಕಕ್ಕೆ 140 ಗಂಟೆ. ದಿನಕ್ಕೆ ಒಂದು ಗಂಟೆ ಅಂದುಕೊಂಡು ಐದು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಮನೆಯವರ ಮುಂದೆ ಹೇಳಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು, ನಡುವೆ ಒಂದು ಮದುವೆ, ಒಂದು ಕಣ್ಣಿನ ಆಪರೇಷನ್. ಮುಗಿದ ಮೇಲೆ ಒದ್ದೆಯಾಗಿದ್ದಾಗಲೇ ಥರ್ಮಾಕೋಲ್ ಹಲಗೆಗೆ ತುಕ್ಕು ಹಿಡಿಯದ ಪಿನ್ನುಗಳಿಂದ ಎಳೆದು ಚುಚ್ಚಿ ಒಣಗಿಸಿದೆ. ಗಂಜಿ ಹಾಕಲಿಲ್ಲ, ಎತ್ತಿಡುವ ಬಟ್ಟೆಗೆ ಗಂಜಿ ಹಾಕಿದರೆ ಜಿರಳೆಗೆ ಎಡೆ ಇಟ್ಟ ಹಾಗೆ. ಮಡಿಸದೆ, ಹಳೆಯ ಕಾಟನ್ ಪಂಚೆ ಸುತ್ತಿದ ಪೈಪಿಗೆ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ.

ನೀವು ಇವತ್ತು ಮಾಡಬೇಕಾದದ್ದು ಇಷ್ಟೇ. ತೀರ ಹಾಳಾದ ಒಂದು ಚೌಕ ಆರಿಸಿ, ಹೊರ ಸುತ್ತಿನ ಕಮಾನೊಂದರ ಅಡ್ಡಗೆರೆ ಎಣಿಸಿ, ಪುಸ್ತಿಕೆಯಲ್ಲಿ ಎಷ್ಟಿದೆ ನೋಡಿ. ಎರಡೂ ಸಂಖ್ಯೆ ಇಲ್ಲಿ ಕೆಳಗೆ ಬರೆಯಿರಿ, ಆಮೇಲೆ ದಾರದ ಮಾತಾಡೋಣ.