ಹಾರ ತುರಾಯಿ ಬಿಡಿ, ಆ ತಂಗಿಯ ದಾವೆ ಬರೆಯಿರಿ

ನಮಸ್ಕಾರ. ಹಾವೇರಿಯ ವಕೀಲರೊಬ್ಬರು ನ್ಯಾಯಾಧೀಶರಾಗಿ ಹೆಸರು ಗಳಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ.

ಮೊದಲ ಎರಡು ಪುಟ ಸನ್ಮಾನ ಪತ್ರದಂತಿವೆ. 'ನ್ಯಾಯದೇವತೆಯ ವರಪುತ್ರ', 'ಸಜ್ಜನಿಕೆಯ ಸಾಕಾರಮೂರ್ತಿ'. ಇದನ್ನು ಯಾರ ಬಗ್ಗೆಯಾದರೂ ಬರೆಯಬಹುದು, ಅಲ್ವಾ? ನನಗೆ ಆ ಮನುಷ್ಯ ಕಂಡದ್ದು ಮೂರನೇ ಪುಟದಲ್ಲಿ. ರಾಜಿಯಲ್ಲಿ ದಾವೆ ಮುಗಿಸುವ ಗದಗದ ಲೋಕ ಅದಾಲತ್. ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ದಾವೆ. ತಂಗಿ ಹಕ್ಕು ಬಿಡುತ್ತಾಳೆ ಅಂತ ಅಣ್ಣಂದಿರು ರಾಜಿ ಅರ್ಜಿ ತಂದಿದ್ದಾರೆ. ಆಕೆಯ ಹೆಬ್ಬೆಟ್ಟೂ ಬಿದ್ದಿದೆ. ನ್ಯಾಯಾಧೀಶರಾದ ಇವರು ಅಣ್ಣಂದಿರನ್ನು ಹೊರಗೆ ಕಳಿಸಿ, ಅರ್ಜಿಯ ಒಂದೊಂದೇ ಸಾಲು ಓದಿ ಆಕೆಗೆ ತಿಳಿಸಿ ಹೇಳುತ್ತಾರೆ. ಎರೆಹೊಲದಲ್ಲಿ ತನಗೂ ಪಾಲಿದೆ ಅಂತ ಆಕೆಗೆ ಗೊತ್ತಾಗುವುದೇ ಆಗ!

ಇದನ್ನು ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಆಕೆ ಏನಂದಳು? ಹೊರಗಿದ್ದ ಅಣ್ಣಂದಿರು ಏನು ಮಾಡಿದರು? ಅದಾಲತ್‌ನಲ್ಲಿ ಆದ ರಾಜಿಗೆ ಅಪೀಲು ಇಲ್ಲ. ಅವತ್ತು ಆಕೆ ಹೂಂ ಅಂದಿದ್ದರೆ ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟವಿತ್ತು. ಓದುವವರಿಗೆ ಇದು ಗೊತ್ತಿದ್ದರೆ ನ್ಯಾಯಾಧೀಶರು ಯಾಕೆ ಅಷ್ಟು ಹೊತ್ತು ಕೂತು ಓದಿ ಹೇಳಿದರು ಅನ್ನುವುದು ತಿಳಿಯುತ್ತದೆ. ಆಕೆಯ ಮದುವೆ ಯಾವ ವರ್ಷ ಆಯಿತು ಅಂತಲೂ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲಿ ಬಂತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಆಕೆಗೆ ಎಷ್ಟು ಪಾಲು ಅನ್ನುವುದು ಇದರ ಮೇಲೇ ನಿಂತಿರಬಹುದು.

ಇನ್ನು ತಪ್ಪುಗಳು. 1996ರಲ್ಲಿ ಅವರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಾದಿಸಿದರು ಎಂದಿದ್ದೀರಿ. ಅಲ್ಲಿ ಸಂಚಾರಿ ಪೀಠ ಶುರುವಾಗಿದ್ದೇ 2008ರಲ್ಲಿ, ಕಾಯಂ ಆಗಿದ್ದು 2013ರಲ್ಲಿ. ಅಲ್ಲಿಯ ತನಕ ನಮ್ಮ ಕಡೆಯವರು ಫೈಲು ಕಟ್ಟಿಕೊಂಡು ಬೆಂಗಳೂರಿಗೇ ಹೋಗಬೇಕಿತ್ತು. ಆ ಓಡಾಟ ನಿಮ್ಮ ಲೇಖನದಲ್ಲಿ ಇರಲೇಬೇಕು. ಐದು ವರ್ಷ ವಕೀಲಿಕೆ ಮಾಡಿ ನೇರವಾಗಿ ಜಿಲ್ಲಾ ನ್ಯಾಯಾಧೀಶರಾದರು ಅನ್ನುವುದೂ ಸರಿಯಿಲ್ಲ. ಸಂವಿಧಾನದ 233ನೇ ವಿಧಿ ಕನಿಷ್ಠ 7 ವರ್ಷ ಕೇಳುತ್ತದೆ. ಬಹುಶಃ ಪರೀಕ್ಷೆ ಬರೆದು ಮೊದಲು ಮುನ್ಸಿಫ್, ಅಂದರೆ ಕೆಳಹಂತದ ಸಿವಿಲ್ ನ್ಯಾಯಾಧೀಶ, ಆಗಿರಬೇಕು. ಸುಮ್ನೆ ಊಹಿಸಬೇಡಿ, ಅವರನ್ನೇ ಕೇಳಿ.

ನಿಮ್ಮ ತಂದೆ ಗದಗದ ಅದೇ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದರು ಅಂತ ಬರೆದಿದ್ದೀರಿ. ಅವರ ಜೊತೆಗೂ ಕೂತು ಮಾತಾಡಿ. ತಂಗಿಯ ಹೆಸರು, ಊರು ಎರಡನ್ನೂ ಬದಲಿಸಿ. ಮುಂದಿನ ತಿಂಗಳು ಕಳಿಸಿದರೂ ಸಾಕು, ನಾನೇ ಓದುತ್ತೇನೆ.

— ಸಂಪಾದಕ