ಕರೆಂಟು ಬಂತು, ಚಾಟ್ ಸರ್ವರ್ ಏಳಲಿಲ್ಲ

ಪ್ರಶ್ನೆ: ನಮ್ಮ ಕಚೇರಿಯ 60 ಮಂದಿಯ ಬಳಕೆಗೆಂದು ಲಿನಕ್ಸ್ ಯಂತ್ರವೊಂದರಲ್ಲಿ, ಪೈಥಾನ್‌ನಲ್ಲಿ ಬರೆದ ಚಿಕ್ಕ ಚಾಟ್ ಸರ್ವರ್ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮ್) ಇದೆ. ಅದನ್ನು ಚಾಲೂ ಮಾಡಲು, ನಿಲ್ಲಿಸಲು ಹಿಂದಿನವರು ಬರೆದಿಟ್ಟ ಶೆಲ್ ಸ್ಕ್ರಿಪ್ಟೇ ಗತಿ. ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಓಡದಿದ್ದರೂ ಸ್ಕ್ರಿಪ್ಟ್ ‘ಆಗಲೇ ಓಡುತ್ತಿದೆ’ ಎನ್ನುತ್ತದೆ. ಒಂದು ಸೆಟ್ಟಿಂಗ್ ಬದಲಿಸಬೇಕಾದರೂ ‘ಕಿಲ್ -9’ (ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಆದೇಶ) ಕೊಟ್ಟು ಮತ್ತೆ ಎಬ್ಬಿಸಬೇಕು. ಆಗ ಎಲ್ಲರ ಸಂಪರ್ಕವೂ ಕಡಿದುಹೋಗುತ್ತದೆ. ಮುಂದೆ ಬರುವವರಿಗೂ ನಿಭಾಯಿಸಲು ಸುಲಭವಾಗುವಂತೆ ಇದನ್ನು ಸರಿಪಡಿಸುವುದು ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸ್ಕ್ರಿಪ್ಟ್ ನಂಬಿರುವುದು ಪಿಐಡಿ ಕಡತವನ್ನು. ಡೀಮನ್ ಶುರುವಾದಾಗ ತನ್ನ ಪ್ರೊಸೆಸ್ ಸಂಖ್ಯೆಯನ್ನು (ಪಿಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಮ್‌ಗೂ ಸಿಗುವ ಗುರುತಿನ ಸಂಖ್ಯೆ) ಅದರಲ್ಲಿ ಬರೆದಿಡುತ್ತದೆ. ಕರೆಂಟು ಹೋದಾಗ ಅದನ್ನು ಅಳಿಸಲು ಪುರಸೊತ್ತು ಸಿಗುವುದಿಲ್ಲ. ಯಂತ್ರ ಮತ್ತೆ ಎದ್ದ ಮೇಲೆ ಅದೇ ಸಂಖ್ಯೆ ಬೇರೊಂದು ಪ್ರೊಸೆಸ್‌ಗೆ ಸಿಕ್ಕಿದ್ದರೆ, ನಿಮ್ಮ ‘ಕಿಲ್’ ಆ ಅಮಾಯಕನಿಗೆ ತಗಲುವ ಅಪಾಯವೂ ಇದೆ. ಇದು ಹಳೆಯ ಕಾಯಿಲೆಯೇ: ಬೇರೆ ಬೇರೆ ಲಿನಕ್ಸ್‌ಗಳಿಗೆ ಸಮಾನವಾಗಿ ರೂಪಿಸಿದ ‘ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್’ ನಿಯಮಗಳಲ್ಲಿ ‘ಸ್ಟೇಟಸ್’ ಆದೇಶವು ಓಡುತ್ತಿದ್ದರೆ 0, ಓಡದಿದ್ದರೆ 3, ಸತ್ತಿದ್ದರೂ ಪಿಐಡಿ ಕಡತ ಉಳಿದಿದ್ದರೆ 1 ಎಂಬ ಸಂಕೇತವನ್ನು ಹಿಂತಿರುಗಿಸಬೇಕೆಂದು ಬರೆದಿಟ್ಟಿದ್ದಾರೆ. ಕಡತವನ್ನು ‘ರನ್’ ಡೈರೆಕ್ಟರಿಯಲ್ಲಿಟ್ಟರೆ, ಅದು ಮೆಮೊರಿಯಲ್ಲಿರುವುದರಿಂದ ಯಂತ್ರ ಆರಿದೊಡನೆ ಅಳಿಯುತ್ತದೆ. ಇನ್ನೂ ಭದ್ರವಾದದ್ದು ಕಡತಕ್ಕೆ ಬೀಗ ಹಾಕುವ ‘ಎಫ್‌ಲಾಕ್’: ಪ್ರೊಸೆಸ್ ಹೇಗೇ ಸತ್ತರೂ ಕರ್ನಲ್ (ಲಿನಕ್ಸ್‌ನ ತಿರುಳು) ಆ ಬೀಗವನ್ನು ತಾನೇ ಬಿಡಿಸುತ್ತದೆ.

‘ಕಿಲ್ -9’ ನಮ್ಮಲ್ಲಿ ಮನೆಮದ್ದಿನಂತಾಗಿದೆ. ಅದು ಕಳಿಸುವ 9ನೆಯ ಸಿಗ್ನಲನ್ನು (ಓಡುತ್ತಿರುವ ಪ್ರೋಗ್ರಾಮ್‌ಗೆ ಕರ್ನಲ್ ಮುಟ್ಟಿಸುವ ಸೂಚನೆ) ಯಾವ ಪ್ರೋಗ್ರಾಮೂ ತಡೆಹಿಡಿಯಲಾರದು. ಹಾಗಾಗಿ ಬರೆಯುತ್ತಿದ್ದ ಸಂದೇಶ ಅರ್ಧಕ್ಕೇ ನಿಲ್ಲಬಹುದು. ‘ನಿಲ್ಲು’ ಎಂದು ಕೇಳುವ 15ನೆಯ ಸಿಗ್ನಲ್ ‘ಸಿಗ್‌ಟರ್ಮ್’ ಬಂದಾಗ ಹೊಸ ಸಂಪರ್ಕಗಳನ್ನು ನಿಲ್ಲಿಸಿ, ಬಾಕಿ ಸಂದೇಶಗಳನ್ನು ಬರೆದು, ಸರ್ವರ್ ನಿಲ್ಲುತ್ತಿದೆಯೆಂದು ಬಳಕೆದಾರರಿಗೆ ತಿಳಿಸಿ ಹೊರಬರುವಂತೆ ಡೀಮನ್ನನ್ನು ತಿದ್ದಿ.

ಸೆಟ್ಟಿಂಗ್ ಮರುಓದಿಗೆ ‘ಸಿಗ್‌ಹಪ್’ ಬಳಸುವುದು ರೂಢಿ. ಟರ್ಮಿನಲ್ ಸಂಪರ್ಕ ಕಡಿದುದನ್ನು ತಿಳಿಸಲು ಹುಟ್ಟಿದ ಈ ಸಿಗ್ನಲ್, ಟರ್ಮಿನಲ್ಲೇ ಇಲ್ಲದ ಡೀಮನ್‌ಗಳಲ್ಲಿ ಈ ಕೆಲಸಕ್ಕೆ ಒದಗಿತು. ಆದರೆ ಸಿಗ್ನಲ್‌ಗೆ ಉತ್ತರವಿಲ್ಲ: ಕಡತದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೆ ಆ ವಿಷಯ ಲಾಗ್‌ನಲ್ಲಿ ಬಿದ್ದಿರುತ್ತದೆ, ಆದೇಶ ಕೊಟ್ಟವರಿಗೆ ಕಾಣಿಸುವುದಿಲ್ಲ. ಆದ್ದರಿಂದ ಡೀಮನ್ ಒಂದು ಯುನಿಕ್ಸ್ ಸಾಕೆಟ್ (ಅದೇ ಯಂತ್ರದ ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡಲು ಬಳಸುವ, ಕಡತದಂತೆ ಕಾಣುವ ಕಿಂಡಿ) ತೆರೆದಿಟ್ಟುಕೊಳ್ಳಲಿ. ‘ಸ್ಟೇಟಸ್’, ‘ರೀಲೋಡ್’, ಯಾರು ಯಾರು ಸಂಪರ್ಕದಲ್ಲಿದ್ದಾರೆ ಎಂಬ ಪಟ್ಟಿ ಇವನ್ನೆಲ್ಲ ಕೇಳುವ ಪುಟ್ಟ ನಿಯಂತ್ರಣ ಪ್ರೋಗ್ರಾಮ್ ಬೇರೆಯಾಗಿರಲಿ. ಅದು ಕೇವಲ ಓಲೆಕಾರ; ಪ್ರಶ್ನೆಯನ್ನು ಒಯ್ದು ಉತ್ತರವನ್ನು ಮುದ್ರಿಸಿ, ತಪ್ಪಾಗಿದ್ದರೆ ಸೊನ್ನೆಯಲ್ಲದ ಸಂಕೇತದೊಂದಿಗೆ ಮುಗಿಯಬೇಕು.

ಲುವಾ ಭಾಷೆಯಲ್ಲಿ ಬರೆದ, ಎಕ್ಸ್‌ಎಂಪಿಪಿ ಎಂಬ ಸಂದೇಶ ವಿನಿಮಯದ ನಿಯಮಾವಳಿಯಂತೆ ನಡೆಯುವ ಪ್ರೊಸೋಡಿ ಎಂಬ ಚಾಟ್ ಸರ್ವರ್ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ಹಿಂದೆ ನಿರ್ವಾಹಕರ ಕನ್ಸೋಲ್ ಅದೇ ಯಂತ್ರದ 5582ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿರುತ್ತಿತ್ತು. ಯಂತ್ರದಲ್ಲಿ ಖಾತೆಯಿದ್ದ ಯಾರು ಬೇಕಾದರೂ ಒಳಹೊಗಬಹುದಿತ್ತು. ಈಗಿನ ‘ಪ್ರೊಸೋಡಿಸಿಟಿಎಲ್ ಶೆಲ್’ ಎಂಬ ನಿಯಂತ್ರಣ ಆದೇಶ ಯುನಿಕ್ಸ್ ಸಾಕೆಟ್ ಮೂಲಕ ಮಾತಾಡುವುದರಿಂದ ಕಡತದ ಅನುಮತಿಯೇ ಕಾವಲು. ನೀವೂ ಸಾಕೆಟ್‌ಗೆ 0660 ಅನುಮತಿ (ಒಡೆಯ ಮತ್ತು ಗುಂಪಿಗೆ ಮಾತ್ರ ಓದಲು, ಬರೆಯಲು ಅವಕಾಶ) ಕೊಟ್ಟು, ಅದನ್ನು ನಿರ್ವಾಹಕರ ಗುಂಪಿಗೆ ಸೇರಿಸಿ. ‘ಚೆಕ್ ಕಾನ್ಫಿಗ್’ ಎಂಬ ಅದರ ಇನ್ನೊಂದು ಆದೇಶವೂ ಅನುಕರಣೀಯ: ರೀಲೋಡ್‌ಗೆ ಮುನ್ನವೇ ತಪ್ಪು ಹಿಡಿಯುತ್ತದೆ. ನಿಮ್ಮ ಡೀಮನ್ ಹೊಸ ಕಡತವನ್ನು ಪೂರ್ತಿ ಓದಿ, ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರಲಿ.

ಎಬ್ಬಿಸುವ, ನಿಲ್ಲಿಸುವ ಹೊಣೆಯನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ‘ಸಿಸ್ಟಂಡಿ’ಗೆ ಒಪ್ಪಿಸಿ, ಡೀಮನ್ ತಾನಾಗಿ ಹಿನ್ನೆಲೆಗೆ ಸರಿಯದೆ ಮುನ್ನೆಲೆಯಲ್ಲೇ ಓಡಲಿ. ಆಗ ಪಿಐಡಿ ಕಡತವೇ ಬೇಡ, ಕರೆಂಟು ಬಂದ ಮೇಲೆ ಸರ್ವರ್ ತಾನಾಗಿಯೇ ಏಳುತ್ತದೆ. ‘ಸಿಗ್‌ಟರ್ಮ್’ ಕೊಟ್ಟು ರೂಢಿಯಂತೆ 90 ಸೆಕೆಂಡು ಕಾದ ನಂತರವೇ ಸಿಸ್ಟಂಡಿ 9ನೆಯ ಸಿಗ್ನಲ್ ಕೈಗೆತ್ತಿಕೊಳ್ಳುತ್ತದೆ. ಹಳೆಯ ಸ್ಕ್ರಿಪ್ಟಿನ ಹೆಸರನ್ನು ಮಾತ್ರ ಉಳಿಸಿಕೊಳ್ಳಿ: ಸಿಬ್ಬಂದಿಯ ಬೆರಳುಗಳಿಗೆ ಅದೇ ಅಭ್ಯಾಸವಾಗಿರುವುದರಿಂದ, ಒಳಗಿನದನ್ನೆಲ್ಲ ತೆಗೆದು ಹೊಸ ಆದೇಶಗಳನ್ನು ಕರೆಯುವ ಮೂರು ಸಾಲು ಬರೆದಿಟ್ಟರೆ ಸಾಕು.