"ಕೈ ಓಡ್ತಿಲ್ಲ" ಎಂದ ವ್ಯಂಗ್ಯಚಿತ್ರಕಾರರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ಸಲಹೆಗೆ ಬಂದ ಕ. ಅವರಿಗೆ 47 ವರ್ಷ. ಕನ್ನಡ ದಿನಪತ್ರಿಕೆಯೊಂದರ ಮುಖಪುಟಕ್ಕೆ ಪಾಕೆಟ್ ಕಾರ್ಟೂನ್ (ಪುಟ್ಟ ಚೌಕಟ್ಟಿನ ವ್ಯಂಗ್ಯಚಿತ್ರ) ಬರೆಯುತ್ತಾರೆ. "ಐಡಿಯಾನೇ ಹೊಳೀತಿಲ್ಲ ಮೇಡಂ, ಕೈ ಓಡ್ತಿಲ್ಲ" ಎಂಬುದು ಅವರ ದೂರು. ನಡುರಾತ್ರಿ ಎಚ್ಚರ, ಎದೆಬಡಿತ, ರಾಜೀನಾಮೆಯ ಯೋಚನೆ ಬೇರೆ. ಮಾತೆತ್ತಿದರೆ ಆರ್.ಕೆ. ಲಕ್ಷ್ಮಣ್: 1951ರಲ್ಲಿ ಶುರುವಾದ ಅವರ ಪಾಕೆಟ್ ಕಾರ್ಟೂನ್ ದಶಕಗಟ್ಟಲೆ ನಡೆಯಿತು, ತನ್ನದು ಇಷ್ಟು ಬೇಗ ಬತ್ತಿತೇಕೆ ಎಂದು.

ಬಿ.ಪಿ., ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ತೊಂದರೆಯಿರಲಿಲ್ಲ. ಐಡಿಯಾ ಬತ್ತಿದೆಯೇ ಎಂದು ಊಹಿಸಬೇಕಿಲ್ಲ, ಎಣಿಸಬಹುದು. ಎರಡು ವಾರ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ತುಂಬಲು ಹೇಳಿದೆವು: ಸುದ್ದಿ, ಹೊಳೆದ ಸಾಲು, ಅದೇನಾಯಿತು, ಬೇಡವೆಂದವರು ಯಾರು. ದಿನಕ್ಕೆ ನಾಲ್ಕೈದು ಐಡಿಯಾ ಇದ್ದವು! ಕೊನೆಯ ಕಾಲಂನಲ್ಲಿ ಮಾತ್ರ ಸಾಲುಸಾಲಾಗಿ 'ನಾನೇ'. ಕೆಲವು ತಿಂಗಳ ಹಿಂದೆ ಇಂಕ್ ಮಾಡಿ ಮುಗಿಸಿದ್ದ ಎರಡು ಚಿತ್ರಗಳು ಪುಟ ಕಟ್ಟುವ ಹೊತ್ತಿಗೆ ಬೇಡವೆನಿಸಿಕೊಂಡು ಬಿದ್ದುಹೋಗಿದ್ದವು. ಅಲ್ಲಿಂದಾಚೆ ಸಂಪಾದಕರು ಬೇಡವೆನ್ನುವ ಮೊದಲೇ ಇವರೇ ಹೊಡೆದುಹಾಕುತ್ತಿದ್ದರು. ಕೈ ಸರಿಯಾಗಿತ್ತು, ಹೆದರಿಕೆ ಕೂತಿತ್ತು.

ಕೊಟ್ಟ ಸಲಹೆ ಹೆಚ್ಚಾಗಿ ಕೆಲಸದ ಕ್ರಮದ್ದು. ಸಂಜೆ ನಾಲ್ಕಕ್ಕೆ ಪೆನ್ಸಿಲ್‌ನಲ್ಲಿ ಮೂರು ರಫ್ (ಕರಡು ಚಿತ್ರ), ಪ್ರತಿಯೊಂದಕ್ಕೂ ಕ್ಯಾಪ್ಷನ್. ಒಂದೇ ಒಯ್ದರೆ ಸಂಪಾದಕರು ಬೇಕೋ ಬೇಡವೋ ಎಂದು ನೋಡುತ್ತಾರೆ. ಮೂರು ಒಯ್ದರೆ ಯಾವುದು ಎಂದು ನೋಡುತ್ತಾರೆ. ಒಂದಾದರೂ ಮಳೆ, ಬೆಲೆ, ಪರೀಕ್ಷೆಯಂಥ ಸೌಮ್ಯ ವಿಷಯದ್ದಿರಲಿ. ಒಪ್ಪಿಗೆ ಸಿಗದೆ ಇಂಕ್ ಮುಟ್ಟಬಾರದು. ಬೇಡವೆಂದರೆ ಕಾರಣ ಕೇಳಬೇಕು. ಕಾನೂನಿನ ಅಳುಕಾದರೆ ಕ್ಯಾಪ್ಷನ್ ತಿದ್ದಿದರೆ ಸಾಕಾದೀತು, ಅಭಿರುಚಿಯ ಮಾತಾದರೆ ವಾದಿಸಬಹುದು, ಜಾಹೀರಾತುದಾರರ ಮುಲಾಜಾದರೆ ಅಂದಿಗೆ ಬಿಟ್ಟುಬಿಡುವುದೇ ಮೇಲು.

ಮೊದಲ ವಾರವೇ ಇದು ಕೆಟ್ಟಿತು. ನಾಲ್ಕಕ್ಕೆ ಸಂಪಾದಕರು ಮೀಟಿಂಗಿನಲ್ಲಿ. ವಾಟ್ಸಾಪಿನಲ್ಲಿ ಕಳಿಸಿದ ರಫ್‌ಗಳಿಗೆ ಏಳು ಗಂಟೆಗೆ "ನೋಡೋಣ" ಎಂಬ ಉತ್ತರ. ಹಾಗಾಗಿ ಒಂದು ಸಾಲು ಸೇರಿಸಿದೆವು: ಐದೂವರೆಯೊಳಗೆ ಉತ್ತರ ಬಾರದಿದ್ದರೆ ಮೂರರಲ್ಲಿ ಸೌಮ್ಯವಾದದ್ದನ್ನು ಮುಗಿಸುತ್ತೇನೆ ಎಂದು ಸಂಪಾದಕರಿಗೆ ಮುಂಚೆಯೇ ತಿಳಿಸಿಡುವುದು. ಅವರು ಒಪ್ಪಿದರು.

ಜಾಲತಾಣದ ಬೈಗುಳವನ್ನು ರಾತ್ರಿ ಊಟದ ನಂತರ ಓದಬಾರದು ಎಂದೆವು. ಬೆದರಿಕೆಯ ವಿಷಯ ಬೇರೆ: ಅಳಿಸದೆ, ಲಿಂಕ್, ಸಮಯ, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಅಂದೇ ಸಂಪಾದಕರಿಗೆ ಇಮೇಲ್ ಮಾಡಿ, ಸೈಬರ್ ಅಪರಾಧ (ಸಿಇಎನ್) ಠಾಣೆಗೆ ದೂರು ಕೊಡಬೇಕು.

ರಾಜೀನಾಮೆಯನ್ನು ನಿದ್ದೆ ಸರಿಹೋಗುವವರೆಗೆ ಮುಂದೂಡಲು ಹೇಳಿದೆವು. ಅಷ್ಟರಲ್ಲಿ ನೇಮಕಾತಿ ಪತ್ರ ಹುಡುಕಿ ತೆಗೆಯಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರರು ಅದಕ್ಕಾಗಿ ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಪುಸ್ತಕದಂಥ ಉಳಿದ ಬಳಕೆಯ ಹಕ್ಕು ಚಿತ್ರಕಾರರದೇ. ಪತ್ರಿಕೆ ಈಗ ಕೊಟ್ಟಿರುವ ಹೊಸ ಕರಾರಿನ ಕರಡಿನಲ್ಲಿ 'ಎಲ್ಲ ಮಾಧ್ಯಮಗಳಿಗೂ, ಶಾಶ್ವತವಾಗಿ' ಎಂದು ಹಕ್ಕು ಬರೆಸಿಕೊಳ್ಳುವ ಸಾಲಿದೆ. ವಕೀಲರು ನೋಡುವವರೆಗೆ ಸಹಿ ಬೇಡವೆಂದಿದ್ದೇವೆ. ನಿದ್ದೆ ಸುಧಾರಿಸಿದೆ, ಕರಾರಿನ ಮಾತುಕತೆ ಇನ್ನೂ ಮುಗಿದಿಲ್ಲ.